ಅರಸೀಕೆರೆಯಿಂದ ಔಲೆನ್‌ಡಾರ್ಫ್‌ಗೆ: ಜರ್ಮನಿಯಲ್ಲಿ ನರ್ಸ್ ಆದ ಕಥೆ

ನಮ್ಮ ಮನೆ ಅರಸೀಕೆರೆ ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿ. ಹುಬ್ಬಳ್ಳಿ ಕಡೆಯ ರೈಲು, ಮೈಸೂರು ಕಡೆಯ ರೈಲು, ಬೆಂಗಳೂರು ಕಡೆಯ ರೈಲು, ಎಲ್ಲವೂ ಅಲ್ಲಿ ನಿಂತೇ ಹೋಗಬೇಕು. ಚಿಕ್ಕವಳಿದ್ದಾಗ ರಾತ್ರಿ ಮಲಗಿಕೊಂಡು ಸದ್ದಿನಲ್ಲೇ ಯಾವ ಗಾಡಿ ಅಂತ ಹೇಳುತ್ತಿದ್ದೆ. ಹತ್ತುವ ಅವಕಾಶ ಮಾತ್ರ ಕಡಿಮೆ. ಹತ್ತಿದರೂ ಜೊತೆಗೆ ಅಪ್ಪನೋ ಚಿಕ್ಕಪ್ಪನೋ ಇರಲೇಬೇಕು. ಪ್ಲಾಟ್‌ಫಾರ್ಮಿನಲ್ಲಿ ಎರಡು ನಿಮಿಷ ಒಬ್ಬಳೇ ನಿಂತರೆ ಸಾಕು, ಯಾರಾದರೂ ಬಂದು ‘ನೀನು ಯಾರ ಮಗಳು?’ ಅಂತ ಕೇಳುತ್ತಿದ್ದರು. ಉತ್ತರ ಹೇಳಿದ ಅರ್ಧ ಗಂಟೆಯಲ್ಲಿ ಸುದ್ದಿ ಮನೆ ತಲುಪಿರುತ್ತಿತ್ತು.

2017ರಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಮರುವರ್ಷ ಔಷಧಿ ಕಂಪನಿಯ ರೆಪ್ ಒಬ್ಬರು ಕೊಟ್ಟ ಡೈರಿಯ ಕೊನೇ ಪುಟದಲ್ಲಿ ಮೂರು ಸಾಲು ಬರೆದುಕೊಂಡೆ. ಓದಿಗೆ ಮಾಡಿದ ಬ್ಯಾಂಕ್ ಸಾಲ ತೀರಿಸಬೇಕು. ಐಸಿಯು ನರ್ಸಿಂಗನ್ನು ಸರಿಯಾಗಿ ಓದಬೇಕು. ಯಾರ ಮಗಳು ಅಂತ ಯಾರೂ ಕೇಳದ ಊರಲ್ಲಿ ಒಬ್ಬಳೇ ರೈಲು ಹತ್ತಬೇಕು. ಮೂರನೆಯದನ್ನು ಯಾರಿಗೂ ತೋರಿಸಿರಲಿಲ್ಲ.

ಆಗ ಕೈಗೆ ಬರುತ್ತಿದ್ದದ್ದು 18,000 ರೂಪಾಯಿ. ಪಿಜಿ ಬಾಡಿಗೆ, ಬಸ್ ಪಾಸು, ಸಾಲದ ಕಂತು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಹಾಸ್ಟೆಲಿನ ಸೀನಿಯರ್‌ಗಳು ಹೆಚ್ಚಿನವರು ಗಲ್ಫಿಗೆ ಹೋಗಿದ್ದರು. ನಾನೂ ಅತ್ತಲೇ ನೋಡುತ್ತಿದ್ದೆ. ಅಷ್ಟರಲ್ಲಿ ಕೊರೊನಾ ಬಂತು. ಪಿಪಿಇ ಕಿಟ್ಟಿನೊಳಗೆ ಎರಡು ವರ್ಷ ಹೋಯಿತು. ಆ ದಿನಗಳ ಬಗ್ಗೆ ಇಲ್ಲಿ ಬರೆಯಲ್ಲ, ಅದು ಬೇರೆಯೇ ಕಥೆ. ಜೊತೆಗಿದ್ದ ಕೇರಳದ ಹುಡುಗಿಯೊಬ್ಬಳು ಬ್ರೇಕ್ ಟೈಮಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಏನೋ ಗೊಣಗುತ್ತಿದ್ದಳು. ಕೇಳಿದರೆ ಜರ್ಮನ್ ಅಂದಳು. ‘ದುಡ್ಡು ಬೇಡ, ಭಾಷೆ ಬೇಕು’ ಅಂದಳು. ಅವಳು ಹೇಳಿದ್ದು ಮುಕ್ಕಾಲು ಪಾಲು ನಿಜ.

ಉಳಿದ ಕಾಲು ಪಾಲು ತಿಳಿಯುವ ಮೊದಲೇ ನಾನು ಒಬ್ಬ ಏಜೆಂಟರ ಕೈಗೆ ಬಿದ್ದೆ. ಆಫೀಸು ಚೆನ್ನಾಗಿತ್ತು, ಗೋಡೆ ಮೇಲೆ ಬಾವುಟಗಳಿದ್ದವು. ಮೂರು ಲಕ್ಷ ಆಗುತ್ತೆ, ಅಡ್ವಾನ್ಸ್ 60,000 ಅಂದರು. ಅದರ ಜೊತೆಗೆ ನನ್ನ ಒರಿಜಿನಲ್ ಸರ್ಟಿಫಿಕೇಟುಗಳನ್ನೂ ಇಟ್ಟುಕೊಂಡರು. ನಾಲ್ಕು ತಿಂಗಳು ಅಲೆದ ಮೇಲೆ ಸರ್ಟಿಫಿಕೇಟು ವಾಪಸ್ ಬಂತು. ದುಡ್ಡು ಬರಲಿಲ್ಲ. ಆಮೇಲೆ ಗೊತ್ತಾದದ್ದು: ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟರು ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು, ಹೆಸರು ಇ-ಮೈಗ್ರೇಟ್ ಪಟ್ಟಿಯಲ್ಲಿ ಇರಬೇಕು. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಫೀಸು 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅಷ್ಟೇ. ಜರ್ಮನಿಯ ಕಡೆಯಿಂದ ನೋಡಿದರೆ ಅದೂ ಬೇಡ. ಅಲ್ಲಿ ನ್ಯಾಯವಾಗಿ ನೇಮಕ ಮಾಡುವ ಸಂಸ್ಥೆಗಳಿಗೆ ಒಂದು ಸರ್ಕಾರಿ ಮುದ್ರೆ ಇದೆ. ಆ ಮುದ್ರೆ ಇದ್ದವರು ನರ್ಸ್ ಹತ್ತಿರ ನೇಮಕದ ಖರ್ಚು ಕೇಳುವ ಹಾಗಿಲ್ಲ, ಕೆಲಸ ಕೊಡುವ ಆಸ್ಪತ್ರೆಯೇ ಕೊಡಬೇಕು. ಇದನ್ನು ಹುಡುಕಿಕೊಳ್ಳಲು ನನಗೆ ಬೇಕಾದದ್ದು ಒಂದು ಸಂಜೆ. ಅಪ್ಪನಿಗೆ ಹೇಳಿದಾಗ ಅವರು ಬೈಯಲಿಲ್ಲ. ‘ಒಂದು ವರ್ಷದ ಕಾಯಿ ದುಡ್ಡು ಕಣಮ್ಮ’ ಅಂದರು ಅಷ್ಟೇ. ಬೈದಿದ್ದರೇ ವಾಸಿ ಅನ್ನಿಸಿತು.

ಜುಲೈ 2021ರಿಂದ ಜರ್ಮನ್ ಕಲಿಯಲು ಕೂತೆ. ನೈಟ್ ಡ್ಯೂಟಿ ಮುಗಿಸಿ ಬಂದು ಬೆಳಿಗ್ಗೆ ಆನ್‌ಲೈನ್ ಕ್ಲಾಸು. ಎ1, ಎ2, ಬಿ1, ಬಿ2 ಅಂತ ಮೆಟ್ಟಿಲುಗಳು. ನರ್ಸ್ ಆಗಲು ಬಿ2 ತನಕ ಹತ್ತಲೇಬೇಕು. ಜರ್ಮನ್‌ನಲ್ಲಿ ಮೇಜು ಗಂಡು, ದೀಪ ಹೆಣ್ಣು, ಪುಸ್ತಕ ನಪುಂಸಕ. ‘ಹುಡುಗಿ’ ಅನ್ನುವ ಪದವೂ ನಪುಂಸಕ! ಯಾಕೆ ಅಂತ ಕೇಳಬಾರದು. ಆದರೆ ಕ್ರಿಯಾಪದವನ್ನು ವಾಕ್ಯದ ಕೊನೆಗೆ ಕಳಿಸುವ ಪದ್ಧತಿ ಅಲ್ಲೂ ಇದೆ. ಕ್ಲಾಸಿನಲ್ಲಿ ಇಂಗ್ಲಿಷ್ ಮೀಡಿಯಮ್ಮಿನವರು ಅದಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದರು. ನನಗೆ ಅದು ಸಲೀಸು. ಕನ್ನಡದಲ್ಲಿ ಯೋಚಿಸು, ಕೊನೇ ಪದದ ತನಕ ಉಸಿರು ಹಿಡಿದುಕೋ, ಅಷ್ಟೇ.

ಬಿ1 ಒಂದೇ ಸಲಕ್ಕೆ ಆಯಿತು. ಬಿ2 ಪರೀಕ್ಷೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ, ಆಗಸ್ಟ್ 2022ರಲ್ಲಿ. ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ, ಒಂದೊಂದರಲ್ಲೂ ನೂರಕ್ಕೆ 60 ಬರಬೇಕು. ಮೂರರಲ್ಲಿ ಪಾಸು. ಕೇಳುವ ಭಾಗದಲ್ಲಿ 53. ಕೆಲವು ತುಣುಕುಗಳನ್ನು ಒಂದೇ ಸಲ ಕೇಳಿಸುತ್ತಾರೆ. ಹಿಂದಿನ ಪ್ರಶ್ನೆಗೆ ಬರೆದದ್ದು ಸರಿಯೋ ತಪ್ಪೋ ಅಂತ ಯೋಚಿಸುತ್ತಾ ಕೂತರೆ ಮುಂದಿನದು ಹೋಯಿತು. ಪುಣ್ಯಕ್ಕೆ ಫೇಲಾದ ಭಾಗವನ್ನು ಮಾತ್ರ ಮತ್ತೆ ಬರೆಯಬಹುದು. ಆ ದಿನ ಬಸ್ಸಿನಲ್ಲಿ ವಾಪಸ್ ಬರುವಾಗ ಮೇಯೋ ಹಾಲ್ ಹತ್ತಿರ ಕಿಟ್ಟೆಲ್ ಪ್ರತಿಮೆ ಕಾಣಿಸಿತು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ತಂದ ಅದೇ ಫರ್ಡಿನಂಡ್ ಕಿಟ್ಟೆಲ್. 1853ರಲ್ಲಿ, 21ನೇ ವಯಸ್ಸಿಗೆ ಜರ್ಮನಿಯಿಂದ ಇಲ್ಲಿಗೆ ಬಂದವರು. ‘ನಿನಗೆ ಕ್ಯಾಸೆಟ್ ಹಾಕಿ ಯಾರೂ ಪರೀಕ್ಷೆ ಮಾಡಲಿಲ್ಲವಲ್ಲ ಮಾರಾಯ’ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಅಕ್ಟೋಬರಿನಲ್ಲಿ 67 ಬಂತು.

ಅಷ್ಟೊತ್ತಿಗೆ ಸ್ಟುಟ್‌ಗಾರ್ಟ್ ಸುತ್ತಮುತ್ತಲ ಒಂದು ಚಿಕ್ಕ ಊರಿನ ಆಸ್ಪತ್ರೆ ವಿಡಿಯೋ ಕಾಲ್‌ನಲ್ಲಿ ಇಂಟರ್‌ವ್ಯೂ ಮಾಡಿ ಕೆಲಸಕ್ಕೆ ಒಪ್ಪಿಕೊಂಡಿತ್ತು. ಕರಾರು ಪತ್ರ ಬಂದಾಗ ಜರ್ಮನ್ ಚೆನ್ನಾಗಿ ಗೊತ್ತಿದ್ದವರ ಹತ್ತಿರ ಸಾಲು ಸಾಲು ಓದಿಸಿದೆ. ಮಧ್ಯದಲ್ಲಿ ಬಿಟ್ಟು ಹೋದರೆ ಎಷ್ಟು ವಾಪಸ್ ಕೊಡಬೇಕು ಅನ್ನುವ ಸಾಲು ಸಾಮಾನ್ಯವಾಗಿ ಕೊನೇ ಪುಟದಲ್ಲಿರುತ್ತೆ. ಹೋಗುವವರು ಮೊದಲು ಅದನ್ನೇ ಓದಿ.

ಆಮೇಲೆ ಕಾಗದಗಳ ಕಾಲ. ಡಿಗ್ರಿ ಸರ್ಟಿಫಿಕೇಟು, ನರ್ಸಿಂಗ್ ಕೌನ್ಸಿಲ್ ನೋಂದಣಿ, ಪೊಲೀಸ್ ಕ್ಲಿಯರೆನ್ಸ್. ಕಾಲೇಜಿನಲ್ಲಿ ಯಾವ ವಿಷಯಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡ್ ಅನ್ನುವ ಲೆಕ್ಕ. ಎಲ್ಲದಕ್ಕೂ ಜರ್ಮನ್ ಅನುವಾದ. ಈ ಗಂಟೆ ಲೆಕ್ಕ ಕೊಡಿ ಅಂದರೆ ನಾನು ಓದಿದ ಕಾಲೇಜಿನವರು ಯಾವುದೋ ಗ್ರಹದಿಂದ ಬಂದವಳ ಹಾಗೆ ನೋಡಿದರು. ಮೂರು ಸಲ ಹೋಗಿಬಂದೆ. ದಡಾರ ಲಸಿಕೆಯ ದಾಖಲೆಯೂ ಬೇಕು ಅಂದರು. 2020ರಿಂದ ಅಲ್ಲಿ ಆಸ್ಪತ್ರೆ ಕೆಲಸಕ್ಕೆ ಅದು ಕಡ್ಡಾಯ. ನನ್ನ ಬಾಲ್ಯದ ಲಸಿಕೆ ಕಾರ್ಡು ಎಲ್ಲಿದೆ ಅಂದರೆ ಅಮ್ಮ ಟ್ರಂಕಿನಿಂದ ತೆಗೆದು ಕೊಟ್ಟದ್ದು ಗೆದ್ದಲು ತಿಂದ ಒಂದು ಅಂಚು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿ ರೋಗನಿರೋಧಕ ಶಕ್ತಿ ಇದೆ ಅಂತ ತೋರಿಸಿದ್ದಾಯಿತು.

ಕಾಗದವೆಲ್ಲ ನೋಡಿದ ಮೇಲೆ ಅಲ್ಲಿನ ಇಲಾಖೆ ಒಂದು ಪತ್ರ ಕಳಿಸುತ್ತೆ. ಅದರ ಹೆಸರೇ ‘ಡೆಫಿಜಿಟ್‌ಬೆಶೈಡ್’. ಅಂದರೆ ಕೊರತೆ ಪತ್ರ. ನಿನ್ನ ಓದಿನಲ್ಲಿ ಇಂತಿಂಥದ್ದು ಕಡಿಮೆ ಇದೆ, ತುಂಬಿಕೊಂಡರೆ ಮಾತ್ರ ಪೂರ್ತಿ ನರ್ಸ್ ಅಂತ. ನಾಲ್ಕು ವರ್ಷದ ಡಿಗ್ರಿ, ಐದು ವರ್ಷದ ಅನುಭವ, ಕೊರೊನಾ ಐಸಿಯು ನೋಡಿದವಳಿಗೆ ಕೊರತೆ ಪತ್ರ! ಸಿಟ್ಟು ಬಂತು. ಆದರೆ ಆಗ ಅದನ್ನು ಕೈಯಲ್ಲಿ ಹಿಡಿದವರಿಗೇ ವೀಸಾ ಸಿಗುತ್ತಿತ್ತು. ಆಸ್ಪತ್ರೆಯವರು 411 ಯೂರೋ ಕಟ್ಟಿ ತ್ವರಿತ ದಾರಿಯಲ್ಲಿ ಅರ್ಜಿ ಹಾಕಿದ್ದರಿಂದ ವೀಸಾ ಬೇಗ ಬಂತು. ಜೂನ್ 2023ರಲ್ಲಿ ಐದು ಕೆಜಿ ರಾಗಿಹಿಟ್ಟಿನೊಂದಿಗೆ ವಿಮಾನ ಹತ್ತಿದೆ.

ಮೊದಲ ದಿನದ ಡ್ಯೂಟಿ ಬೆಳಿಗ್ಗೆ ಆರು ಗಂಟೆಗೆ. ನನ್ನ ಜೊತೆಗಿದ್ದ ಹಿರಿಯ ನರ್ಸ್ ಒಂದು ಬೇಸಿನ್, ಎರಡು ಟವೆಲ್, ಬಟ್ಟೆಯ ಕೈಚೀಲದಂಥ ಎರಡು ವಾಶ್‌ಕ್ಲಾತ್ ಕೈಗಿಟ್ಟರು. ಮೂರನೇ ರೂಮಿನ ಅಜ್ಜಿಗೆ ಮೈ ಒರೆಸಬೇಕು. ನಮ್ಮಲ್ಲಿ ಈ ಕೆಲಸ ಆಯಾ ಮಾಡುತ್ತಾರೆ, ಇಲ್ಲದಿದ್ದರೆ ರೋಗಿಯ ಮಗಳು, ಸೊಸೆ. ಇಲ್ಲಿ ರಾತ್ರಿ ಪಕ್ಕದಲ್ಲಿ ಮಲಗುವ ಅಟೆಂಡರ್ ಇಲ್ಲ. ಸ್ನಾನ, ಊಟ, ಹಲ್ಲುಸೆಟ್ಟು, ಬೆಡ್‌ಪ್ಯಾನ್ ಎಲ್ಲವೂ ನರ್ಸ್ ಕೆಲಸ. ನಾನು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿ ಮಾಡುತ್ತಿದ್ದ ಐವಿ ಹಾಕುವುದು, ರಕ್ತ ತೆಗೆಯುವುದು ನಮ್ಮ ವಾರ್ಡಿನಲ್ಲಿ ಹೆಚ್ಚಾಗಿ ಡಾಕ್ಟರ ಕೆಲಸ. ಆ ಸಂಜೆ ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅಷ್ಟು ದೂರ ಹೋಗಿ ಮುದುಕ್ರ ಮೈ ತೊಳ್ಯೋ ಕೆಲ್ಸನೇನೆ? ಯಾರಿಗೂ ಹೇಳ್ಬೇಡ ಕಣೆ’ ಅಂದಳು. ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

ಅಜ್ಜಿಗೆ ಸೊಂಟದ ಆಪರೇಷನ್ ಆಗಿತ್ತು. ವಯಸ್ಸು 84. ಪಾಪ ಅಂತ ನಾನೇ ಚಕಚಕ ಮುಖ ಒರೆಸಿದೆ, ಕೈ ಒರೆಸಿದೆ, ಬೆನ್ನು ಒರೆಸಿದೆ. ಆರೇ ನಿಮಿಷ. ಖುಷಿಯಲ್ಲಿ ತಿರುಗಿದರೆ ಹಿರಿಯ ನರ್ಸ್ ಮುಖ ಗಂಟಿಕ್ಕಿಕೊಂಡು ನಿಂತಿದ್ದರು. ‘ಅವರ ಕೈ ಚೆನ್ನಾಗಿದೆಯಲ್ಲ, ನೀನ್ಯಾಕೆ ಒರೆಸಿದೆ?’ ಮರುದಿನ ಬೇಸಿನ್ ಅಜ್ಜಿಯ ಮುಂದಿಟ್ಟು, ಬಟ್ಟೆ ಅದ್ದಿ ಕೈಗೆ ಕೊಟ್ಟು ಸುಮ್ನೆ ನಿಂತೆ. ಮುಖಕ್ಕೆ ಸೋಪಿಲ್ಲದ ನೀರು, ಮೊದಲು ಕಣ್ಣು. ಅಜ್ಜಿ ಎಡಗಣ್ಣು ಒರೆಸಿದರು. ನಿಂತರು. ಬಟ್ಟೆ ಮಡಿಸಿ ಬಲಗಣ್ಣು. ಕಿವಿ ಹಿಂದೆ. ಉಸಿರು ತೆಗೆದುಕೊಂಡರು. ಕುತ್ತಿಗೆ. ಮಧ್ಯೆ ಒಮ್ಮೆ ಬಟ್ಟೆ ಬಿತ್ತು, ನಾನು ಬಗ್ಗುವ ಮೊದಲೇ ಅವರೇ ಹೊದಿಕೆ ಮೇಲಿಂದ ಎತ್ತಿಕೊಂಡರು. ಹನ್ನೊಂದು ನಿಮಿಷ. ಕೈ ಕಟ್ಟಿ ನಿಲ್ಲುವುದು ನನಗೆ ಐವಿ ಹಾಕುವುದಕ್ಕಿಂತ ಕಷ್ಟವಾಯಿತು. ಮುಗಿದ ಮೇಲೆ ಅಜ್ಜಿ ಕನ್ನಡಿ ಕೇಳಿದರು.

ಪರೀಕ್ಷೆಯ ಜರ್ಮನ್ ಬೇರೆ, ವಾರ್ಡಿನ ಜರ್ಮನ್ ಬೇರೆ ಅಂತ ಮೊದಲ ವಾರದಲ್ಲೇ ಗೊತ್ತಾಯಿತು. ಈ ಕಡೆ ಮಾತಾಡುವುದು ಶ್ವೇಬಿಷ್. ಬೆಂಗಳೂರಿನಲ್ಲಿ ಪುಸ್ತಕ ಓದಿ ಕನ್ನಡ ಕಲಿತವರನ್ನು ತಂದು ಕಲಬುರಗಿ ಸಂತೆಯಲ್ಲಿ ಬಿಟ್ಟ ಹಾಗೆ. ಒಬ್ಬ ಅಜ್ಜ ರಾತ್ರಿ ಬೆಲ್ ಒತ್ತಿ ‘ಟೆಪ್ಪಿಷ್’ ಕೊಡು ಅಂದರು. ನಾನು ಕಲಿತ ಜರ್ಮನ್‌ನಲ್ಲಿ ಟೆಪ್ಪಿಷ್ ಅಂದರೆ ನೆಲಕ್ಕೆ ಹಾಸುವ ಕಾರ್ಪೆಟ್ಟು. ಅಜ್ಜನಿಗೆ ತಲೆ ಗೊಂದಲವಾಗಿರಬೇಕು ಅಂದುಕೊಂಡು ಇದು ಯಾವ ಊರು, ಇವತ್ತು ಯಾವ ವಾರ ಅಂತ ಕೇಳಿದೆ. ಅವರು ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟು, ‘ಚಳಿ ಆಗ್ತಿದೆ, ಟೆಪ್ಪಿಷ್ ಕೊಡು’ ಅಂದರು. ಇಲ್ಲಿನ ಆಡುಮಾತಿನಲ್ಲಿ ಅದು ಕಂಬಳಿ.

ಎಲ್ಲಕ್ಕಿಂತ ಹೆದರಿಕೆ ವಾರ್ಡಿನ ಫೋನು. ಎದುರಿಗಿರುವವರ ಮುಖ ನೋಡಿ ಅರ್ಧ ಅರ್ಥ ಮಾಡಿಕೊಳ್ಳಬಹುದು, ಫೋನಿಗೆ ಮುಖ ಎಲ್ಲಿಂದ ಬರಬೇಕು? ಅದು ರಿಂಗಾದರೆ ನಾನು ಬೆಡ್‌ಪ್ಯಾನ್ ತೊಳೆಯುವ ರೂಮಿಗೆ ಓಡುತ್ತಿದ್ದೆ. ಎರಡು ತಿಂಗಳಲ್ಲಿ ನಮ್ಮ ವಾರ್ಡಿನಷ್ಟು ಫಳಫಳ ಬೆಡ್‌ಪ್ಯಾನ್ ಬೇರೆಲ್ಲೂ ಇರಲಿಲ್ಲ.

ಆದರೆ ಒಂದು ಸಲ ಕನ್ನಡ ನನ್ನ ಕೈ ಹಿಡಿಯಿತು. ಆಪರೇಷನ್ ಆಗಿ ನಾಲ್ಕು ದಿನವಾಗಿದ್ದ ಒಬ್ಬ ರೋಗಿ ‘ಫೂಸ್’ ನೋಯುತ್ತಿದೆ ಅಂದರು. ಪುಸ್ತಕದ ಪ್ರಕಾರ ಫೂಸ್ ಅಂದರೆ ಪಾದ. ಉತ್ತರ ಜರ್ಮನಿಯಿಂದ ಬಂದಿದ್ದ ಟ್ರೈನಿ ಹುಡುಗ ಪಾದ ನೋಡಿದ, ಬೆರಳು ನೋಡಿದ, ಏನೂ ಇಲ್ಲ ಅಂತ ಬರೆಯಲು ಹೊರಟ. ನಮ್ಮಲ್ಲಿ ‘ಕಾಲು ನೋವು’ ಅಂದರೆ ಹೆಬ್ಬೆರಳಿನಿಂದ ತೊಡೆವರೆಗೆ ಎಲ್ಲಿ ಬೇಕಾದರೂ ಇರಬಹುದು ಅಲ್ವಾ? ಅಭ್ಯಾಸಬಲದಿಂದ ನಾನು ‘ಕೈ ಇಟ್ಟು ತೋರಿಸಿ’ ಅಂದೆ. ಅವರು ಮೀನಖಂಡದ ಮೇಲೆ ಕೈಯಿಟ್ಟರು. ಮುಟ್ಟಿದರೆ ಬಿಸಿ, ಇನ್ನೊಂದು ಕಾಲಿಗಿಂತ ದಪ್ಪ. ಡಾಕ್ಟರಿಗೆ ಹೇಳಿದೆ, ಸ್ಕ್ಯಾನಿಂಗ್ ಆಯಿತು, ರಕ್ತನಾಳದಲ್ಲಿ ಹೆಪ್ಪು ಸಿಕ್ಕಿತು. ಶ್ವೇಬಿಷ್‌ನಲ್ಲೂ ಫೂಸ್ ಅಂದರೆ ಇಡೀ ಕಾಲು ಅಂತ ಅವತ್ತು ಗೊತ್ತಾಯಿತು. ಅಂದು ಡಾಕ್ಟರಿಗೆ ಫೋನ್ ಮಾಡಿದವಳು ನಾನೇ. ಫೋನಿಗೆ ಹೆದರಬೇಕು ಅನ್ನುವುದು ಆಗ ನೆನಪಿಗೇ ಬರಲಿಲ್ಲ.

ಕೊರತೆ ತುಂಬಿಕೊಳ್ಳಲು ಎರಡು ದಾರಿ. ಒಂದು, ತರಬೇತಿ ಅವಧಿ ಮುಗಿಸುವುದು. ಇನ್ನೊಂದು ಪರೀಕ್ಷೆ. ನಾನು ಪರೀಕ್ಷೆ ಆರಿಸಿಕೊಂಡೆ. ಬೇಗ ಮುಗಿಯುತ್ತೆ ಅಂತ ಆಸೆ. ಆದರೆ ಫೇಲಾದರೆ ಇನ್ನು ಒಂದೇ ಅವಕಾಶ. ಮಾರ್ಚ್ 2024ರಲ್ಲಿ ನಿಜವಾದ ರೋಗಿಗಳ ಮುಂದೆ ಕೆಲಸ ಮಾಡಿ ತೋರಿಸಿದೆ. ಆಮೇಲೆ ಮುಕ್ಕಾಲು ಗಂಟೆಗೂ ಜಾಸ್ತಿ ಮೌಖಿಕ. ‘ರೋಗಿ ಸ್ನಾನ ಬೇಡ ಅಂದರೆ ಏನು ಮಾಡುತ್ತೀರಿ?’ ಅಂತ ಕೇಳಿದರು. ಎರಡು ವರ್ಷದ ಹಿಂದೆ ಕೇಳಿದ್ದರೆ ‘ಸಮಾಧಾನ ಮಾಡಿ ಸ್ನಾನ ಮಾಡಿಸುತ್ತೇನೆ’ ಅನ್ನುತ್ತಿದ್ದೆ. ಈಗ ‘ಬೇಡ ಅಂದರೆ ಬೇಡ, ಯಾಕೆ ಅಂತ ಕೇಳುತ್ತೇನೆ, ಬರೆದಿಡುತ್ತೇನೆ, ಆಮೇಲೆ ಮತ್ತೆ ಕೇಳುತ್ತೇನೆ’ ಅಂದೆ. ಪಾಸು. ಮುಂದಿನ ತಿಂಗಳು ಸರ್ಕಾರಿ ಮುದ್ರೆಯ ಕಾಗದ ಬಂತು. ಆವತ್ತಿನಿಂದ ಪೂರ್ತಿ ನರ್ಸ್, ಪೂರ್ತಿ ಸಂಬಳ. ಪೂರ್ತಿ ಅಂದರೂ ತೆರಿಗೆ, ವಿಮೆ, ಪಿಂಚಣಿ ಅಂತ ಸುಮಾರು ಮೂರನೇ ಒಂದು ಭಾಗ ಕೈಗೆ ಬರುವ ಮೊದಲೇ ಹೋಗಿರುತ್ತೆ. ಊರಿನಲ್ಲಿ ಯೂರೋವನ್ನು ರೂಪಾಯಿಗೆ ಗುಣಿಸುವವರು ಇದನ್ನು ಕಳೆಯಲ್ಲ, ಬಾಡಿಗೆಯನ್ನೂ ಕಳೆಯಲ್ಲ. ಆದರೂ ಆ ವರ್ಷದ ಕೊನೆಗೆ ಬ್ಯಾಂಕಿನ ಸಾಲ ತೀರಿತು. ಅಪ್ಪನ ಕೈಗೆ 60,000 ಬೇರೆಯಾಗಿ ಕೊಟ್ಟೆ. ಅದರಲ್ಲಿ ತೋಟಕ್ಕೆ ಪೈಪು ಹಾಕಿಸಿದರು. ಐಸಿಯುವಿನ ವಿಶೇಷ ತರಬೇತಿ ಇಲ್ಲಿ ಎರಡು ವರ್ಷದ್ದು, ಕೆಲಸ ಮಾಡುತ್ತಲೇ ಓದಬೇಕು. ಅದಕ್ಕೆ ಹೆಸರು ಕೊಟ್ಟಿದ್ದೇನೆ.

ಮೂರನೇ ಸಾಲು ಉಳಿದಿತ್ತಲ್ಲ. ಮೊದಲು ಒಂದು ರಜೆಯಲ್ಲಿ ಹತ್ತಿರದ ಟ್ಯೂಬಿಂಗನ್‌ಗೆ ಹೋದೆ. ನೆಕ್ಕರ್ ನದಿ ಸೇತುವೆ ಮೇಲೆ ನಿಂತು ನೋಡಿದರೆ ನೀರಿನ ಅಂಚಿಗೆ ಬಣ್ಣ ಬಣ್ಣದ ಹಳೇ ಮನೆಗಳು. ಮೇಯೋ ಹಾಲ್ ಹತ್ತಿರ ನಾನು ಬೈದುಕೊಂಡ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಅಲ್ಲಿನ ಬೇಕರಿಯಲ್ಲಿ ಕೂತು ಕಾಫಿ ಕುಡಿಯುವಾಗ, ಈ ಬೀದಿಯಲ್ಲಿ ಯಾರೋ ಒಬ್ಬರು ‘ಕಾಲು’ ಅನ್ನುವ ಪದಕ್ಕೆ ಎಷ್ಟು ಅರ್ಥ ಅಂತ ತಲೆ ಕೆಡಿಸಿಕೊಂಡಿದ್ದರಲ್ಲ ಅನ್ನಿಸಿ ನಗು ಬಂತು.

ದೊಡ್ಡ ಪ್ರಯಾಣ ಮಾಡಿದ್ದು ಆ ಬೇಸಿಗೆಯಲ್ಲಿ. ಆಗ 49 ಯೂರೋ ಟಿಕೆಟ್ ಇತ್ತು. ತಿಂಗಳು ಪೂರ್ತಿ ದೇಶದ ಯಾವ ಮೂಲೆಗಾದರೂ ಲೋಕಲ್ ರೈಲುಗಳಲ್ಲಿ ಹೋಗಬಹುದು. ಟ್ಯೂಬಿಂಗನ್‌ನಿಂದ ಸಿಗ್‌ಮರಿಂಗನ್ ಮೇಲೆ ಔಲೆನ್‌ಡಾರ್ಫ್, ಅಲ್ಲಿ ಗಾಡಿ ಬದಲಿಸಿ ಬೋಡನ್‌ಸೀ ಸರೋವರಕ್ಕೆ ಅಂತ ಲೆಕ್ಕ ಹಾಕಿದೆ. ಹೆಖಿಂಗನ್ ಹತ್ತಿರ ಗುಡ್ಡದ ತುದಿಯಲ್ಲಿ ಹೋಹೆನ್‌ಜೋಲರ್ನ್ ಕೋಟೆ ಕಾಣಿಸಿತು. ಕಿಟಕಿ ಸೀಟು, ಡಬ್ಬಿಯಲ್ಲಿ ಚಿತ್ರಾನ್ನ, ಪಕ್ಕದಲ್ಲಿ ಚಿಕ್ಕಪ್ಪ ಇಲ್ಲ. ಜರ್ಮನಿಯ ರೈಲು ಟೈಮಿಗೆ ಸರಿಯಾಗಿ ಬರುತ್ತೆ ಅನ್ನುವುದು ಹಳೇ ಕಥೆ. ನಮ್ಮ ಗಾಡಿ ತಡವಾಗಿ, ಔಲೆನ್‌ಡಾರ್ಫ್‌ನಲ್ಲಿ ಮುಂದಿನದು ತಪ್ಪಿಹೋಯಿತು. ಇನ್ನೊಂದು ಗಂಟೆ ಕಾಯಬೇಕು.

ಚಿಕ್ಕ ಊರು, ಆದರೆ ಜಂಕ್ಷನ್. ಎಲ್ಲ ಕಡೆಯಿಂದ ಹಳಿಗಳು ಬಂದು ಸೇರುತ್ತವೆ. ಬಿಸಿಲಿಗೆ ಹಳಿಯ ಜಲ್ಲಿಯಿಂದ ಬರುವ ವಾಸನೆ ಥೇಟ್ ನಮ್ಮೂರಿನದೇ. ಬೆಂಚಿನ ಮೇಲೆ ಕೂತು ಡಬ್ಬಿ ತೆಗೆದೆ. ಪಕ್ಕದಲ್ಲಿ ಕೋಲು ಹಿಡಿದ ಒಬ್ಬ ಅಜ್ಜ. ‘ಇವತ್ತೂ ಲೇಟಾ?’ ಅಂದರು. ‘ಲೇಟು, ಗೆಲ್?’ ಅಂದೆ. ಗೆಲ್ ಅಂದರೆ ಈ ಕಡೆಯ ‘ಅಲ್ವಾ’. ವಾರ್ಡಿನಲ್ಲಿ ಕೇಳಿ ಕೇಳಿ ಬಾಯಿಗೆ ಅಂಟಿಕೊಂಡಿದೆ. ಅಜ್ಜ ಹುಬ್ಬೇರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಕ್ಕರು. ಆಮೇಲೆ, ‘ವೆಮ್ ಘೇರ್ಶ್ ದು?’ ಅಂದರು.

ಇಲ್ಲಿನ ಹಳ್ಳಿಗಳಲ್ಲಿ ಹಿರಿಯರು ಮಕ್ಕಳನ್ನು ಹಿಡಿದು ನಿಲ್ಲಿಸಿ ಕೇಳುವ ಪ್ರಶ್ನೆ ಅದು. ನೀನು ಯಾರ ಮನೆಯವಳು?

ನಾನು ಅಪ್ಪನ ಹೆಸರು ಹೇಳಿದೆ. ಅರಸೀಕೆರೆ, ತೆಂಗಿನ ತೋಟ, ಸ್ಟೇಷನ್ನಿಗೆ ಹತ್ತು ನಿಮಿಷ ಅಂತಲೂ ಹೇಳಿದೆ. ಅಜ್ಜ ಕೋಲಿನ ಮೇಲೆ ಗದ್ದ ಊರಿ ನಿಜವಾಗಿಯೂ ಸ್ವಲ್ಪ ಹೊತ್ತು ಯೋಚಿಸಿದರು.

‘ಇಲ್ಲ, ಪರಿಚಯ ಇಲ್ಲ’ ಅಂದರು.